ಫಾರಂ ನಂಬರ್ ಏಳು ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪತ್ರಿಕೆ ಓದಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಮಂಡ್ಯ ಕಡೆಯವನು. ಮೂವತ್ತೆರಡು ವರ್ಷ ನೋಂದಣಿ ಕಚೇರಿ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆದವನು. ನಮ್ಮ ಕಸುಬಿನಲ್ಲಿ ಒಂದು ಪದ ಆಚೀಚೆ ಆದರೆ ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಹಾಗಾಗಿ ಪದ ಕಂಡರೆ ನನಗೆ ಸ್ವಲ್ಪ ಜಾಸ್ತಿನೇ ಅನುಮಾನ. ಪತ್ರ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ. ಛಾಪಾ ಕಾಗದ ತುಂಬಿಸಿದ ಕೈ ಇದು.

ಅವತ್ತು ನಿಮ್ಮ ಮುಖಪುಟದ ತುಂಬಾ ಒಂದು ಜಾಹೀರಾತು ಇತ್ತು. ಕಾಲು ಎಕರೆ ಫಾರಂ ಕೊಳ್ಳಿ, ನಿಮ್ಮ ಹೆಸರಿಗೇ ಪಹಣಿ, ಸುತ್ತ ಬೇಲಿ, ಒಳಗೆ ಈಜುಕೊಳ, ಗಿಡ ನೆಡುವುದು ನೀರು ಹಾಯಿಸುವುದು ಎಲ್ಲ ನಮ್ಮದು, ನೀವು ಶನಿವಾರ ಬಂದು ಫಾರ್ಮರ್ ಆಗಿ ಅಂತ. ಅದು ಜಾಹೀರಾತು, ದುಡ್ಡು ಕೊಟ್ಟು ಹಾಕಿಸಿದ್ದಾರೆ, ನಾನು ಕೇಳುವ ಹಾಗಿಲ್ಲ. ಆದರೆ ಅದೇ ದಿನದ ಪುರವಣಿಯಲ್ಲಿ ನಿಮ್ಮವರೇ ಬರೆದ ಒಂದು ಲೇಖನವೂ ಇತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಬಿಟ್ಟು ನಮ್ಮ ಕಡೆ ಜಮೀನು ಮಾಡಿರುವ ಒಬ್ಬರ ಕಥೆ. ಒಳ್ಳೆಯ ಮನುಷ್ಯರೇ ಇರಬೇಕು. ಚಿತ್ರದಲ್ಲಿ ಅವರು ಟೋಪಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದಾರೆ. ಹಿಂದೆ ಗದ್ದೆಯೊಳಗೆ ಮೂವರು ಹೆಂಗಸರು ಬಗ್ಗಿ ನಾಟಿ ಹಾಕುತ್ತಿದ್ದಾರೆ. ಕೆಳಗೆ ನೀವು ಬರೆದದ್ದು: ‘ತಮ್ಮ ಫಾರಂನಲ್ಲಿ ಯುವ ರೈತ, ಹಿನ್ನೆಲೆಯಲ್ಲಿ ಕೂಲಿಯಾಳುಗಳು.’

ಆ ಮೂವರಲ್ಲಿ ಒಬ್ಬಾಕೆ ನಮ್ಮ ಬೀದಿಯವಳು. ಬಲಗಡೆಯಿಂದ ಎರಡನೆಯವಳು. ಮುಖ ಕಾಣಲ್ಲ, ಬೆನ್ನು ಮಾತ್ರ ಕಾಣುತ್ತದೆ. ಆದರೆ ಸೀರೆ ಮೇಲೆ ತೊಟ್ಟ ಆ ಗಂಡಸರ ಖಾಕಿ ಅಂಗಿ ಅವಳ ಗಂಡನದು, ಅವನು ಹೋಗಿ ಆರು ವರ್ಷ ಆಯಿತು. ಆಕೆಗೆ ಸ್ವಂತ ಹದಿನೆಂಟು ಗುಂಟೆ ಗದ್ದೆ ಇದೆ. ಪಹಣಿ ಆಕೆಯ ಹೆಸರಿನಲ್ಲೇ ಇದೆ, ಖಾತೆ ಬದಲಾವಣೆ ಅರ್ಜಿ ಬರೆದುಕೊಟ್ಟವನು ನಾನೇ. ತನ್ನ ಗದ್ದೆ ನಾಟಿ ಮುಗಿಸಿ, ತನ್ನ ಗದ್ದೆಗೆ ಬಂದವರ ಗದ್ದೆಗೆ ತಾನೂ ಹೋಗಿ ದುಡಿದು ಮುಯ್ಯಿ ತೀರಿಸಿ, ಆಮೇಲೆ ಅಲ್ಲಿಗೆ ಹೋಗಿದ್ದಳು. ನಲವತ್ತು ವರ್ಷದಿಂದ ಬೇಸಾಯ ಮಾಡುವವಳು ಕೂಲಿಯಾಳು, ಹೋದ ವರ್ಷ ಬಂದವರು ರೈತ. ಇದು ಹೇಗೆ ಸ್ವಾಮಿ?

ಮೊದಲು ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದೆ. ತಪ್ಪು ನಿಮ್ಮ ವರದಿಗಾರರದಲ್ಲ, ಆ ‘ಫಾರಂ’ ಅನ್ನುವ ಪದದ ಒಳಗೇ ಏನೋ ಇದೆ ಅನ್ನಿಸಿತು.

ನಮ್ಮ ಕಡೆ ಫಾರಂ ಅಂದರೆ ಹಿಂದೆ ಒಂದೇ ಜಾಗ, ವಿ.ಸಿ. ಫಾರಂ. ಕನ್ನಂಬಾಡಿ ಕಟ್ಟೆಯ ನೀರು ಈ ಸೀಮೆಗೆ ಬಂದ ಹೊತ್ತಿನಲ್ಲಿ, 1931ರಲ್ಲಿ, ಕೋಲ್ಮನ್ ದೊರೆ ಮಾಡಿದ್ದು. ಕೆನಡಾ ದೇಶದವರು, ಮೈಸೂರು ಸಂಸ್ಥಾನದ ಬೇಸಾಯ ಇಲಾಖೆಯ ಮುಖ್ಯಸ್ಥರಾಗಿದ್ದವರು. ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿತ್ತು, ಫಾರಂಗೂ ಅದೇ ಹೆಸರು. ಆಮೇಲೆ ನಾಲೆ ವಿಶ್ವೇಶ್ವರಯ್ಯನವರದ್ದಾಯಿತು, ಫಾರಂ ವಿ.ಸಿ. ಫಾರಂ ಆಯಿತು. ಇಂಡಾಫ್ ರಾಗಿಯ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಅಲ್ಲೇ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ತಳಿ ತೆಗೆದರು. ಹೆಸರೇ ಹೇಳುತ್ತದಲ್ಲ, ಇಂಡಿಯಾದ ಇಂಡ್, ಆಫ್ರಿಕಾದ ಆಫ್. ‘ಫಾರಂ ಬೀಜ’ ಅಂದರೆ ನಮ್ಮ ಹಳ್ಳಿಗಳಲ್ಲಿ ಗೌರವ. ಮದುವೆ ಮಾತುಕತೆಯಲ್ಲೂ ‘ಹುಡುಗ ಒಳ್ಳೆ ಫಾರಂ ಬೀಜ ಇದ್ದಂಗವ್ನೆ’ ಅಂತ ಹೇಳಿದ್ದು ಕೇಳಿದ್ದೇನೆ.

ಆಮೇಲೆ ಫಾರಂ ಕೋಳಿ ಬಂತು. ಅಲ್ಲಿಂದ ಪದದ ಮರ್ಯಾದೆ ಇಳಿಯಿತು. ನಾಟಿ ಕೋಳಿ ಬೇರೆ, ಫಾರಂ ಕೋಳಿ ಬೇರೆ. ರಜಕ್ಕೆ ಊರಿಗೆ ಬಂದ ಬಿಳಿಚಿಕೊಂಡ ಹುಡುಗ ಹತ್ತು ಹೆಜ್ಜೆ ಬಿಸಿಲಲ್ಲಿ ನಡೆದು ಕೂತರೆ ‘ಫಾರಂ ಕೋಳಿ’ ಅಂತಲೇ ಕರೆಯುತ್ತಾರೆ. ಫಾರಂ ಹೌಸ್ ಬಗ್ಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಪತ್ರಿಕೆಯಲ್ಲಿ ಆ ಪದ ಬಂದ ದಿನ ಪಕ್ಕದಲ್ಲೇ ‘ಪೊಲೀಸರ ದಾಳಿ’ ಅಂತ ಇರುತ್ತದೆ.

ಇನ್ನೊಂದು ಫಾರಂ ಇದೆ. ಅದು ಕಾಗದದ್ದು. ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಬೇರೆ ಪದ, ನಮ್ಮ ಬಾಯಲ್ಲಿ ಎರಡೂ ಫಾರಂ. ಇದರಿಂದ ನಮ್ಮ ಮನೆಗೆ ಬರಬಹುದಾಗಿದ್ದ ಗದ್ದೆ ತಪ್ಪಿ ಹೋಗುವುದರಲ್ಲಿತ್ತು.

ನಮ್ಮಪ್ಪ ಮೈಸೂರಿನಲ್ಲಿದ್ದ ಒಬ್ಬ ವಕೀಲರ ಗದ್ದೆ ಮಾಡುತ್ತಿದ್ದ. ಒಂದು ಎಕರೆ ಹತ್ತು ಗುಂಟೆ, ವರ್ಷಕ್ಕೆ ಎಂಟು ಪಲ್ಲ ಭತ್ತದ ಗುತ್ತಿಗೆ. ಪಟ್ಟಣದ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ವಾರ ಬೇರೆ, ಗುತ್ತಿಗೆ ಬೇರೆ. ವಾರ ಅಂದರೆ ಬೆಳೆದದ್ದರಲ್ಲಿ ಪಾಲು, ಬೆಳೆ ಹೋದರೆ ಇಬ್ಬರಿಗೂ ಹೋಯಿತು. ಗುತ್ತಿಗೆ ಹಾಗಲ್ಲ. ಬೆಳೆ ಬಂದರೂ ಎಂಟು ಪಲ್ಲ, ಹುಳ ತಿಂದರೂ ಎಂಟು ಪಲ್ಲ. ಕಣದಲ್ಲಿ ಮೊದಲು ಒಡೆಯರ ಎಂಟು ಪಲ್ಲ ಅಳೆದು ಪಕ್ಕಕ್ಕಿಟ್ಟ ಮೇಲೆ ಉಳಿದದ್ದು ನಮ್ಮದು. ಒಂದು ವರ್ಷ ಅಮ್ಮ ಅಳೆದು ಮುಗಿಸಿದ ಮೇಲೆ ಮೊರದಲ್ಲಿ ಎಷ್ಟು ಉಳಿಯಿತು ಅಂತ ನೋಡಿ ಏನೂ ಮಾತಾಡದೆ ಮೊರ ಬೋರಲು ಹಾಕಿದ್ದು ನನಗೆ ನೆನಪಿದೆ.

ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಜಾರಿ. ಉಳುವವನೇ ಒಡೆಯ. ಊರಿನಲ್ಲಿ ಯಾರೋ ಅಪ್ಪನಿಗೆ ಹೇಳಿದರು, ‘ಫಾರಂ ನಂಬರ್ ಏಳು ಹಾಕು, ಗದ್ದೆ ನಿಂದಾಗ್ತದೆ.’ ಅಪ್ಪ ಓದಿದವನಲ್ಲ. ಬಿತ್ತನೆ ಇಲ್ಲದ ದಿನಗಳಲ್ಲಿ ವಿ.ಸಿ. ಫಾರಂಗೆ ಕೂಲಿಗೆ ಹೋಗುತ್ತಿದ್ದವನು. ಅವನಿಗೆ ಗೊತ್ತಿದ್ದ ಫಾರಂ ಅದೊಂದೇ. ಮಾರನೇ ದಿನ ಬೆಳಿಗ್ಗೆ ತಲೆಗೆ ಟವಲು ಸುತ್ತಿ ಅಲ್ಲಿಗೇ ನಡೆದುಕೊಂಡು ಹೋಗಿ ಮೇಸ್ತ್ರಿಯನ್ನು ಕೇಳಿದ್ದಾನೆ, ‘ನಂಬರ್ ಏಳು ಎಲ್ಲೈತೆ ಬುದ್ಧಿ?’ ಮೇಸ್ತ್ರಿ ಪಾಪ, ಕರೆದುಕೊಂಡು ಹೋಗಿ ಏಳನೇ ತಾಕು ತೋರಿಸಿದರಂತೆ. ತಗಡಿನ ಬೋರ್ಡು, ಅದರ ಮೇಲೆ 7, ಒಳಗೆ ಎದೆಯುದ್ದ ರಾಗಿ. ಅಪ್ಪ ಒಂದು ಗಳಿಗೆ ತೆನೆ ನೋಡಿಕೊಂಡು ನಿಂತಿದ್ದು ವಾಪಸು ಬಂದ. ಸರ್ಕಾರದ ರಾಗಿ ಹೊಲ ನನಗೆ ಯಾಕೆ ಕೊಡ್ತಾರೆ, ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡು ಸುಮ್ಮನಾಗಿಬಿಟ್ಟ. ನಾಲ್ಕು ವರ್ಷಕ್ಕೂ ಜಾಸ್ತಿ ಹಾಗೇ ಹೋಯಿತು. ಆಮೇಲೆ ನಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರೊಬ್ಬರು ತರಗತಿಯಲ್ಲಿ, ನಿಮ್ಮ ಅಪ್ಪಂದಿರು ಫಾರಂ ಏಳು ತುಂಬಿದ್ದಾರಾ ಅಂತ ಕೇಳಿದರು. ತುಂಬೋದು ಅಂದಾಗಲೇ ನನಗೆ ಅದು ಕಾಗದ ಅಂತ ಹೊಳೆದದ್ದು. ಅರ್ಜಿ ಹಾಕಲು ಕೊನೆಯ ದಿನ 1979ರ ಜೂನ್ 30. ನಾವು ಹಾಕಿದ್ದು ಅದೇ ಜೂನಿನಲ್ಲಿ. ನಾನು ಬರೆದ ಮೊದಲ ಪತ್ರ ಅದು. ನ್ಯಾಯಮಂಡಳಿ ಮುಂದೆ ಎರಡು ವರ್ಷ ಓಡಾಡಿ, ಕಡೆಗೆ ಫಾರಂ ಹತ್ತು ಕೈಗೆ ಬಂತು. ಅದು ಹಕ್ಕಿನ ಪತ್ರ. ಅಪ್ಪ ಅದನ್ನು ಮಡಚಿ ಭತ್ತದ ಕಣಜದ ಒಳಗಿಟ್ಟಿದ್ದ. ಈಗಲೂ ಅದರ ಮಡಿಕೆಯಲ್ಲಿ ಹೊಟ್ಟು ಇದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮೊಮ್ಮಗಳ ಫೋನಿನಲ್ಲಿ ಇಂಗ್ಲಿಷ್ ಡಿಕ್ಷನರಿ ನೋಡಿಸಿದೆ. ಫಾರ್ಮ್ ಅನ್ನುವ ಪದ ಎಲ್ಲಿಂದ ಬಂತು ಓದಮ್ಮ ಅಂದೆ. ಅವಳು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಬಾಯಿ ಬಿಟ್ಟುಕೊಂಡು ಕೂತೆ. ಆ ಪದಕ್ಕೂ ಮಣ್ಣಿಗೂ ಹುಟ್ಟಿನಲ್ಲಿ ಸಂಬಂಧವೇ ಇಲ್ಲ. ಲ್ಯಾಟಿನ್ನಿನ ‘ಫಿರ್ಮಾ’. ಅಂದರೆ ಗಟ್ಟಿ ಮಾಡಿದ್ದು, ಇಷ್ಟೇ ಅಂತ ಗೊತ್ತು ಮಾಡಿದ ಹಣ. ಅದು ಫ್ರೆಂಚರ ಬಾಯಲ್ಲಿ ‘ಫೆರ್ಮ್’ ಆಗಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಮೊದಲ ಅರ್ಥ, ವರ್ಷಕ್ಕೆ ಇಷ್ಟು ಅಂತ ಕಟ್ಟುವ ಗೊತ್ತುಪಡಿ. ಆಮೇಲೆ ಹಾಗೆ ಕಟ್ಟಬೇಕಾದ ಜಮೀನಿಗೂ ಅದೇ ಹೆಸರು. ನಮ್ಮಪ್ಪನ ಎಂಟು ಪಲ್ಲ ಇದೆಯಲ್ಲ, ಅದೇ ಫಾರ್ಮ್! ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ ಗುತ್ತಿಗೆ. ಕಂಪನಿಗೆ ‘ಫರ್ಮು’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಸ್ಪೇನ್ ದೇಶದವರು ರುಜುವಿಗೆ ಈಗಲೂ ‘ಫಿರ್ಮಾ’ ಅನ್ನುತ್ತಾರಂತೆ. ಜೀವಮಾನವೆಲ್ಲ ಜನರ ಕೈಲಿ ರುಜು ಹಾಕಿಸಿದವನಿಗೆ ಇದು ಗೊತ್ತಿರಲಿಲ್ಲ ನೋಡಿ.

ಹಾಗಾದರೆ ಫಾರ್ಮರ್ ಯಾರು? ಮೊದಲು ಉಳುವವನಲ್ಲ. ಸರ್ಕಾರಕ್ಕೆ ಇಂತಿಷ್ಟು ಕಟ್ಟುತ್ತೇನೆ ಅಂತ ಒಪ್ಪಿಕೊಂಡು, ಕಂದಾಯ ಸುಂಕ ಎತ್ತುವ ಹಕ್ಕನ್ನು ಗುತ್ತಿಗೆ ಹಿಡಿದವನು. ನೇಗಿಲು ಹಿಡಿದವನಿಗೆ ಆ ಹೆಸರು ಅಂಟಿಕೊಂಡದ್ದು ಹದಿನಾರನೇ ಶತಮಾನದ ಕೊನೆಗೆ.

ನಮ್ಮ ಊರ ಸಂತೆಗೆ ಬನ್ನಿ, ಹಳೆಯ ಅರ್ಥದ ಫಾರ್ಮರ್ ಒಬ್ಬರನ್ನು ತೋರಿಸುತ್ತೇನೆ. ಸಂತೆಮಾಳದ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ತೊಡೆ ಮೇಲೆ ರಸೀದಿ ಪುಸ್ತಕ, ಪಕ್ಕದಲ್ಲಿ ಬೆರಳು ಒದ್ದೆ ಮಾಡಿಕೊಳ್ಳಲು ಸ್ಪಂಜಿನ ಡಬ್ಬಿ. ಪಂಚಾಯ್ತಿ ಹರಾಜಿನಲ್ಲಿ ಸಂತೆ ಸುಂಕ ಕೂಗಿ ಹಿಡಿದವರು. ಕೊತ್ತಂಬರಿ ಸೊಪ್ಪಿನ ಕುಕ್ಕೆ ಹೊತ್ತು ಬಂದ ಅಜ್ಜಿಯಿಂದ ಹತ್ತು ರೂಪಾಯಿ ಇಸಿದುಕೊಂಡು ರಸೀದಿ ಹರಿದು ಕುಕ್ಕೆಯೊಳಗೇ ಹಾಕುತ್ತಾರೆ. ಅಜ್ಜಿಗೆ ಅದನ್ನು ಓದಲು ಬರಲ್ಲ, ಸೊಪ್ಪಿನ ನೀರಿಗೆ ಅದು ಅಲ್ಲೇ ಕರಗಿಹೋಗುತ್ತದೆ. ಹಳೆಯ ಇಂಗ್ಲಿಷಿನ ಲೆಕ್ಕದಲ್ಲಿ ಈ ಇಬ್ಬರಲ್ಲಿ ಫಾರ್ಮರ್ ಯಾರು ಗೊತ್ತಾಯಿತಲ್ಲ. ಸೊಪ್ಪು ಬೆಳೆದ ಅಜ್ಜಿ ಅಲ್ಲ.

ಈ ತರದ ಫಾರ್ಮರುಗಳ ಕಥೆ ಎಲ್ಲ ದೇಶದಲ್ಲೂ ಇದೆ. ಫ್ರಾನ್ಸಿನಲ್ಲಿ ರಾಜನ ತೆರಿಗೆ ಗುತ್ತಿಗೆ ಹಿಡಿದವರ ಕೂಟವೇ ಇತ್ತು. ಹೈಸ್ಕೂಲ್ ವಿಜ್ಞಾನದಲ್ಲಿ ಆಮ್ಲಜನಕದ ಪಾಠದಲ್ಲಿ ಬರುತ್ತಾರಲ್ಲ ಲವಾಸಿಯೆ, ಅವರೂ ಆ ಕೂಟದವರು. ಅಷ್ಟಕ್ಕೇ 1794ರ ಮೇ 8ರಂದು ತಲೆ ಹೋಯಿತು. ಬಂಗಾಳದಲ್ಲಿ ದೊಡ್ಡ ಬರ ಬಂದು ಎರಡು ವರ್ಷ ಕಳೆದಿತ್ತು, 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಕಂದಾಯವನ್ನು ಐದು ವರ್ಷದ ಲೆಕ್ಕದಲ್ಲಿ ಹರಾಜು ಹಾಕಿದ. ಇಂಗ್ಲಿಷರ ಕಡತದಲ್ಲಿ ಅದನ್ನೂ ‘ಫಾರ್ಮಿಂಗ್’ ಅಂತಲೇ ಬರೆದಿದ್ದಾರೆ. ಒಂದು ಕಾಳೂ ಬಿತ್ತದ ಫಾರ್ಮಿಂಗ್.

ನಮ್ಮಲ್ಲೂ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರಿಂದ, ಅಂದರೆ ತಾಲ್ಲೂಕಿನ ಕಂದಾಯದ ಅಧಿಕಾರಿಗಳಿಂದ, ಇಷ್ಟು ಕಂದಾಯ ಎತ್ತಿ ಕಟ್ಟುತ್ತೇವೆ ಅಂತ ಷರತ್ತು ಬರೆಸಿಕೊಳ್ಳುತ್ತಿದ್ದರು. ಕಮ್ಮಿ ಬಿದ್ದರೆ ಅಮಲ್ದಾರ ಕೈಯಿಂದ ತುಂಬಬೇಕು. ಕೈಯಿಂದ ಯಾರು ತುಂಬುತ್ತಾರೆ ಹೇಳಿ, ಜನರನ್ನು ಹಿಂಡಿದರು. 1830ರಲ್ಲಿ ಶಿವಮೊಗ್ಗ ಕಡೆಯ ನಗರ ಅನ್ನುವ ಸೀಮೆಯ ರೈತರು ಎದ್ದರು. ಮಾರನೇ ವರ್ಷ ಆ ನೆಪದಲ್ಲಿ ಬ್ರಿಟಿಷರು ರಾಜರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡಿನ ರಾಜರ ಹಳೆಯ ದಫ್ತರದಲ್ಲಿ ‘ಒಂದು ರಾತ್ರಿಯ ಫಾರ್ಮ್’ ಅಂತ ಇದೆಯಂತೆ. ರಾಜನೂ ಅವನ ಪರಿವಾರವೂ ಒಂದು ರಾತ್ರಿ ಉಂಡು ಮಲಗುವುದಕ್ಕೆ ಬೇಕಾದ ಊಟ ಸಾಮಾನು ಕೊಡಬೇಕಾದ ಋಣ. ಇದು ಕೇಳಿದಾಗ ನನಗೆ ನಗು ತಡೆಯಲಿಲ್ಲ. ಹಿಂದೆ ಸಾಹೇಬರ ಜೀಪು ಊರ ಬಾಗಿಲಿಗೆ ಬಂದರೆ ಹೆಂಗಸರು ಕೋಳಿಯನ್ನು ಮಂಕರಿ ಕೆಳಗೆ ಬಚ್ಚಿಡುತ್ತಿದ್ದರು. ಆ ಲೆಕ್ಕದಲ್ಲಿ ನಿಜವಾದ ‘ಫಾರಂ ಕೋಳಿ’ ಅದೇ, ನಾಟಿ ಕೋಳಿ!

ಪದಗಳ ವಿಷಯದಲ್ಲಿ ಇಂಗ್ಲಿಷರನ್ನು ಬೈದು ನಾವೇನೋ ಶುದ್ಧ ಅಂತ ಹೇಳಲ್ಲ. ‘ರೈತ’ ಕೂಡ ನಮ್ಮದಲ್ಲ. ಅರಬ್ಬಿಯಿಂದ ಪಾರ್ಸಿ ಹಾದು ಬಂದದ್ದು, ಹುಟ್ಟಿನಲ್ಲಿ ಮೇಯಿಸುವ ಮಂದೆ, ಆಮೇಲೆ ದೊರೆಯ ಪ್ರಜೆ. ಆದರೆ 1980ರಲ್ಲಿ ರೈತ ಸಂಘ ಹುಟ್ಟಿ, ಹಸಿರು ಶಾಲು ಹೆಗಲಿಗೆ ಬಂದ ಮೇಲೆ ಆ ಪದದಲ್ಲಿ ಮಂದೆಯ ವಾಸನೆ ಉಳಿಯಲಿಲ್ಲ. ಅಪ್ಪ ತನ್ನನ್ನು ರೈತ ಅಂತ ಕರೆದುಕೊಂಡದ್ದು ನಾನು ಕೇಳಿಲ್ಲ. ‘ಆರಂಬ ಮಾಡ್ಕೊಂಡಿವ್ನಿ’ ಅನ್ನುತ್ತಿದ್ದ. ಬಡಗಣದವರು ಕಮತ ಅನ್ನುತ್ತಾರೆ. ಒಕ್ಕಲುತನ ಅಂತಲೂ ಇದೆ, ನನಗೆ ಇಷ್ಟವಾದ ಪದ. ಒಕ್ಕಲು ಅಂದರೆ ನೆಲೆ ನಿಂತ ಮನೆ. ನೂರು ಒಕ್ಕಲಿನ ಊರು ಅನ್ನುವುದಿಲ್ಲವೇ? ಇಂಗ್ಲಿಷರಿಗೂ ಇಂಥದ್ದೇ ಒಂದು ಪದ ಮೊದಲು ಇತ್ತು, ‘ಹಸ್ಬಂಡ್ರಿ’. ಹಸ್ಬಂಡ್ ಅಂದರೆ ಗಂಡ ಆಗುವುದಕ್ಕೆ ಮೊದಲು ಮನೆಯೊಡೆಯ, ಮನೆ ಮಾಡಿ ನಿಂತವನು. ಹಸ್ಬಂಡ್ರಿ ಅಂದರೆ ಥೇಟ್ ಒಕ್ಕಲುತನ. ಆ ಪದವನ್ನು ಅವರು ದನ ಕುರಿಗೆ ಬಿಟ್ಟುಕೊಟ್ಟು ಹೊಲಕ್ಕೆ ಗುತ್ತಿಗೆಯ ಪದ ಇಟ್ಟುಕೊಂಡರು.

ಅಂದಹಾಗೆ, ಕಣದ ಒಕ್ಕಣೆಗೂ ಕಾಗದದ ಒಕ್ಕಣೆಗೂ ನಾವು ಒಂದೇ ಪದ ಬಳಸುತ್ತೇವೆ. ‘ಒಕ್ಕಣೆ ಚೆನ್ನಾಗಿ ಬರಿಯಪ್ಪ’ ಅಂತ ಹಳಬರು ನನ್ನ ಮೇಜಿನ ಮುಂದೆ ಕೂತು ಹೇಳುತ್ತಿದ್ದರು. ಅಪ್ಪ ಭತ್ತ ಒಕ್ಕಿದ, ನಾನು ಪತ್ರ ಒಕ್ಕಿದೆ.

ಫಾರ್ಮ್ ಅಂದಾಗ ಇಂಗ್ಲಿಷರ ಕಣ್ಣಿಗೆ ಕಾಣುವ ಚಿತ್ರವೂ ಬೇರೆ. ಮೊಮ್ಮಗಳ ತಮ್ಮನ ಅಕ್ಷರಮಾಲೆ ಪುಸ್ತಕದಲ್ಲಿ ನೋಡಿದೆ. ಒಂಟಿ ಮನೆ, ಕೆಂಪು ಕೊಟ್ಟಿಗೆ, ಬಿಳಿ ಬೇಲಿ, ಒಂದು ಹಂದಿ, ಎರಡು ಬಾತುಕೋಳಿ. ಜಮೀನಿನ ನಡುವೆಯೇ ಮನೆ. ನಮ್ಮ ಬಯಲುಸೀಮೆಯಲ್ಲಿ ಮನೆಗಳೆಲ್ಲ ಊರೊಳಗೆ ಒತ್ತೊತ್ತಾಗಿ, ಗದ್ದೆ ಒಂದು ಕಡೆ, ಬೆದ್ದಲು ಇನ್ನೊಂದು ಕಡೆ, ತೋಟ ಹಳ್ಳದಾಚೆ. ಎಲ್ಲಕ್ಕೂ ಸೇರಿಸಿ ಒಂದೇ ಹೆಸರು ಬೇಕಾಗಿಯೇ ಇರಲಿಲ್ಲ. ಆ ಪುಸ್ತಕದ ಫಾರ್ಮಿನಲ್ಲಿ ಗೊಬ್ಬರದ ಗುಂಡಿ ಎಲ್ಲೂ ಕಾಣಲಿಲ್ಲ. ನಿಮ್ಮ ಮುಖಪುಟದ ಜಾಹೀರಾತಿನಲ್ಲೂ ಇರಲಿಲ್ಲ.

ಇನ್ನು ಕಾನೂನಿನ ಮಾತು. 1974ರ ತಿದ್ದುಪಡಿ ಗುತ್ತಿಗೆಯನ್ನೇ ತೆಗೆದುಹಾಕಿತು. ಸೈನಿಕರು, ನಾವಿಕರಂಥವರನ್ನು ಬಿಟ್ಟರೆ ಬೇರೆಯವರು ಬೇಸಾಯಕ್ಕೆ ಜಮೀನು ಗುತ್ತಿಗೆ ಕೊಡುವ ಹಾಗಿಲ್ಲ. ಅಂದರೆ ಪದದ ಮೂಲ ಅರ್ಥ ಹಿಡಿದರೆ ಕರ್ನಾಟಕದಲ್ಲಿ ಫಾರ್ಮ್ ಮಾಡುವುದೇ ಕಾಯ್ದೆಗೆ ವಿರುದ್ಧ! ನಡೆಯುತ್ತಿಲ್ಲವೇ ಅಂದರೆ ಎಲ್ಲ ಕಡೆ ನಡೆಯುತ್ತಿದೆ, ಬಾಯಿಮಾತಿನಲ್ಲಿ. ಬರೆದುಕೊಡಿ ಅಂತ ನನ್ನ ಹತ್ತಿರ ಬಂದವರಿಗೆ ಲೆಕ್ಕವಿಲ್ಲ. ಆಗಲ್ಲ ಕಣಪ್ಪ ಅಂದರೆ ಎದ್ದು ಹೋಗಿ ಟೀ ಅಂಗಡಿಯಲ್ಲಿ ಕೈ ಮೇಲೆ ಕೈ ಹಾಕಿ ಮುಗಿಸುತ್ತಿದ್ದರು. 2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಬೇಸಾಯಗಾರ ಅಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಯಿತು. ನಿಮ್ಮ ಮುಖಪುಟಕ್ಕೆ ಆ ಜಾಹೀರಾತು ಬಂದ ದಾರಿ ಅದು.

ಪಾವಗಡದಲ್ಲಿ ಇನ್ನೊಂದು ವಿಚಿತ್ರ ಆಗಿದೆ. ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಹಲಗೆ ಹಾಸಿದ್ದಾರೆ, 2,050 ಮೆಗಾವ್ಯಾಟ್. ಜಮೀನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಇಂಗ್ಲಿಷಿನವರು ಇಂಥದ್ದನ್ನು ಸೋಲಾರ್ ಫಾರ್ಮ್ ಅನ್ನುತ್ತಾರೆ, ಗಾಳಿಯಂತ್ರ ಇದ್ದರೆ ವಿಂಡ್ ಫಾರ್ಮ್. ನಗಬೇಡಿ, ಹಳೆಯ ಅರ್ಥಕ್ಕೆ ಇದು ಸರಿಯಾಗಿಯೇ ಕೂರುತ್ತದೆ. ಗೊತ್ತುಪಡಿ ಹಣ ಕಟ್ಟಿ ಜಮೀನು ಹಿಡಿದವರು ಕಂಪನಿಯವರು, ಆದ್ದರಿಂದ ಫಾರ್ಮರುಗಳು ಅವರೇ. ಜಮೀನಿದ್ದವರಿಗೆ ಬಾಡಿಗೆ ಬರುತ್ತದೆ. ಆ ಜಮೀನಿನಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ, ಸ್ವಂತ ಜಮೀನಿಲ್ಲದವರ ಹೆಸರು ಯಾವ ಫಾರಂನಲ್ಲೂ ಇಲ್ಲ. ನನ್ನ ಅರ್ಥ ಎರಡೂ ಫಾರಂ.

ಕ್ರಿಕೆಟ್ಟಿನಲ್ಲೂ ಈ ಪದ ಇದೆ ಅಂತ ಮೊಮ್ಮಗಳು ಹೇಳಿದಳು. ಎದುರಿಗೆ ಆಡಲು ಬಾರದವನು ಇದ್ದಾಗ ಬ್ಯಾಟಿಂಗ್ ಎಲ್ಲ ತಾನೇ ಇಟ್ಟುಕೊಳ್ಳುವುದಕ್ಕೆ ಸ್ಟ್ರೈಕ್ ಫಾರ್ಮ್ ಮಾಡುವುದು ಅನ್ನುತ್ತಾರಂತೆ. ಕೆಲಸ ಬೇರೆಯವರಿಗೆ ಒಪ್ಪಿಸುವುದಕ್ಕೆ ‘ಫಾರ್ಮ್ ಔಟ್’. ಒಂದು ಕಡೆ ಬಿಟ್ಟುಕೊಡದೆ ಇಟ್ಟುಕೊಳ್ಳುವುದು, ಇನ್ನೊಂದು ಕಡೆ ಪೂರ್ತಿ ಬಿಟ್ಟುಕೊಡುವುದು. ನಿಮ್ಮ ಜಾಹೀರಾತಿನವರು ಎರಡನ್ನೂ ಒಟ್ಟಿಗೆ ಮಾರುತ್ತಿದ್ದಾರೆ.

ಸರಿ, ನನ್ನ ಬೇಡಿಕೆ ದೊಡ್ಡದಲ್ಲ. ಜಾಹೀರಾತಿನಲ್ಲಿ ಅವರು ಫಾರ್ಮರ್ ಅಂತಲೇ ಹಾಕಿಕೊಳ್ಳಲಿ. ದುಡ್ಡು ಕಟ್ಟಿದವರಿಗೆ ಆ ಪದ ಹುಟ್ಟಿನಿಂದಲೇ ಸಲ್ಲುತ್ತದೆ, ತಕರಾರಿಲ್ಲ. ಟೋಪಿ ಹಾಕಿಕೊಂಡ ಆ ಯುವಕರನ್ನೂ ರೈತ ಅನ್ನಿ, ಇನ್ನು ನಾಲ್ಕು ಬೆಳೆ ತೆಗೆಯಲಿ, ನಾನೂ ಅನ್ನುತ್ತೇನೆ. ಆದರೆ ಚಿತ್ರದ ಕೆಳಗಿನ ಆ ಸಾಲು ಹಾಗೇ ಉಳಿಯಬಾರದು. ಆಕೆಗೆ ಪತ್ರಿಕೆ ತೋರಿಸಿದೆ. ಓದಿ ಹೇಳು ಅಂದಳು. ಓದಿದೆ. ‘ಅಂಗಿ ಚೆನ್ನಾಗಿ ಬಂದದೆ’ ಅಂದಳು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು, ‘ಹದಿನೆಂಟು ಗುಂಟೆ ಅಂದ್ರೆ ಅವರ ಲೆಕ್ಕಕ್ಕೆ ಬರಾಕಿಲ್ವಾ?’ ಅಂತ ಕೇಳಿದಳು. ಅವಳಿಗೆ ನಾನು ಏನೂ ಹೇಳಲಿಲ್ಲ. ಜಾಹೀರಾತಿನ ಕಾಲು ಎಕರೆ ಅಂದರೆ ಹತ್ತೇ ಗುಂಟೆ, ನಿಮಗೆ ಲೆಕ್ಕ ಗೊತ್ತಿರಲಿ ಅಂತ ಬರೆದೆ.

ಕ್ರಯಪತ್ರದಲ್ಲಿ ಹೆಸರೋ ಚೆಕ್ಕುಬಂದಿಯೋ ತಪ್ಪಿದರೆ ನಾವು ತಿದ್ದುಪಡಿ ಪತ್ರ ಅಂತ ಬರೆದು ಮತ್ತೆ ನೋಂದಣಿ ಮಾಡಿಸುತ್ತೇವೆ. ಒಂದೇ ಪುಟ, ಜಾಸ್ತಿ ಖರ್ಚಿಲ್ಲ. ನಿಮ್ಮ ಪತ್ರಿಕೆಯಲ್ಲೂ ಎರಡನೇ ಪುಟದ ಮೂಲೆಯಲ್ಲಿ ಅಂಥ ಜಾಗ ಇದೆ. ಒಕ್ಕಣೆ ನಾನೇ ಬರೆದುಕೊಟ್ಟಿದ್ದೇನೆ, ಫೀಸು ಬೇಡ:

‘ಕಳೆದ ಭಾನುವಾರದ ಪುರವಣಿಯ ಚಿತ್ರದಲ್ಲಿ ಬಲಗಡೆಯಿಂದ ಎರಡನೆಯವರು ಸ್ವಂತ ಹದಿನೆಂಟು ಗುಂಟೆ ಗದ್ದೆಯ ರೈತರು. ಕೂಲಿಯಾಳು ಎಂದು ಬರೆದಿದ್ದನ್ನು ರೈತರು ಎಂದು ತಿದ್ದಿ ಓದಿಕೊಳ್ಳಬೇಕು. ಉಳಿದ ಇಬ್ಬರನ್ನು ನಾವು ವಿಚಾರಿಸಿಲ್ಲ.’

ಇಂತಿ,
ಒಬ್ಬ ನಿವೃತ್ತ ಪತ್ರ ಬರಹಗಾರ
ಮಂಡ್ಯ ತಾಲ್ಲೂಕು